ಮ್ಯೋಸಾ ದಂಡೆಯ ಮರದ ಕಟ್ಟಡ

ನಾರ್ವೆಯ ರಾಜಧಾನಿ ಓಸ್ಲೋ ಬಗ್ಗೆ ಹೊಸದಾಗಿ ಹೇಳುವುದೇನಿಲ್ಲ, ಎಲ್ಲರೂ ನೋಡುವುದನ್ನೇ ನಾವೂ ನೋಡಿದೆವು. ಬರೆಯಬೇಕು ಅನ್ನಿಸಿದ್ದು ಅಲ್ಲಿಂದ ಉತ್ತರಕ್ಕೆ, ಮ್ಯೋಸಾ ಸರೋವರದ ದಂಡೆಯ ಬ್ರುಮುಂಡಾಲ್ ಬಗ್ಗೆ. ಹೋಗುವವರು ಹಳಿ ಕೆಲಸ ಇದೆಯಾ ಅಂತ ಮೊದಲೇ ನೋಡಿಕೊಳ್ಳಿ. ನಮಗೆ ರೈಲಿನ ಬದಲು ಬಸ್ಸು ಕೊಟ್ಟರು, ಅದು ಎಲ್ಲಿ ನಿಲ್ಲುತ್ತದೆ ಅಂತ ಯಾರೂ ಹೇಳಲಿಲ್ಲ. ಅಮ್ಮನ ಸೂಟ್‌ಕೇಸ್ ಹೊತ್ತು ಮಳೆಯಲ್ಲಿ ಓಡಾಡಿದ ಸಿಟ್ಟು ಇನ್ನೂ ಇಳಿದಿಲ್ಲ.

ಆ ಪುಟ್ಟ ಊರಲ್ಲಿ 85.4 ಮೀಟರ್ ಎತ್ತರದ, 18 ಅಂತಸ್ತಿನ ಮರದ ಕಟ್ಟಡವಿದೆ, ಹೆಸರು ಮ್ಯೋಸ್ತೋರ್ನೆಟ್. 2019ರಲ್ಲಿ ಮುಗಿದಾಗ ಜಗತ್ತಿನಲ್ಲೇ ಅತಿ ಎತ್ತರದ ಮರದ ಕಟ್ಟಡ ಅದೇ. ಒಳಗೆ ಹೋಟೆಲು, ಆಫೀಸು, ಜನ ಸಂಸಾರ ಮಾಡಿಕೊಂಡಿರುವ ಫ್ಲ್ಯಾಟುಗಳು. ಕಂಬಗಳೆಲ್ಲ ಸ್ಪ್ರೂಸ್ ಅನ್ನುವ, ಚಳಿ ಸೀಮೆಯ ಸೂಜಿ ಎಲೆಯ ಮರದ ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ ಮಾಡಿದವು. ಮೇಲಿನ ಅಂತಸ್ತುಗಳ ನೆಲ ಮಾತ್ರ ಕಾಂಕ್ರೀಟು. ಮರ ಹಗುರ, ಗಾಳಿಗೆ ಕಟ್ಟಡ ತೂಗಾಡಬಾರದಲ್ವಾ.

ಲಾಬಿಯಲ್ಲಿ ಒಬ್ಬ ಹಿರಿಯರು ಸಿಕ್ಕರು, ಸ್ವಂತ ಕಾಡು ಇರುವ ರೈತ. ನಾನು ಮಲೆನಾಡಿನವಳು, ಗುಡ್ಡ ಬೋಳಾದದ್ದನ್ನು ನೋಡಿದವಳು. ನೇರವಾಗಿ ಕೇಳಿದೆ, ‘ಮರ ಕಡಿದು ಇಷ್ಟು ದೊಡ್ಡದು ಕಟ್ಟಿದರೆ ಕಾಡಿನ ಗತಿ?’

‘ಕಡಿದ ಮೂರು ವರ್ಷದೊಳಗೆ ಮತ್ತೆ ಸಸಿ ಎಬ್ಬಿಸಲೇಬೇಕು, ಕಾನೂನಿದೆ. ನೂರು ವರ್ಷದ ಹಿಂದೆ ಇದ್ದದ್ದರ ಮೂರು ಪಟ್ಟು ಮರ ಈಗ ನಮ್ಮಲ್ಲಿದೆ’ ಅಂದರು.

‘ಸುಮ್ನೆ ಬಿಟ್ಟರೆ ಇನ್ನೂ ಒಳ್ಳೇದಲ್ವಾ?’

ಅವರಿಗೆ ಬೇಸರವೇ ಆಗಲಿಲ್ಲ, ಕಾಫಿ ಪಕ್ಕಕ್ಕಿಟ್ಟು ವಿವರಿಸಿದರು. ಮರ ಬೆಳೆಯುವಾಗ ಗಾಳಿಯಿಂದ ಹೀರಿದ ಇಂಗಾಲ ಅದರೊಳಗೇ ಇರುತ್ತದೆ, ಕೊಳೆತರೆ ಸುಟ್ಟರೆ ವಾಪಸ್ ಹೋಗುತ್ತದೆ, ಕಂಬವಾದರೆ ಮನೆ ಇರುವಷ್ಟು ಕಾಲ ಅಲ್ಲೇ. ಒಂದು ಘನ ಮೀಟರ್ ಸ್ಪ್ರೂಸಿನಲ್ಲಿರುವುದು ಸುಮಾರು ಮುಕ್ಕಾಲು ಟನ್ ಕಾರ್ಬನ್ ಡೈಆಕ್ಸೈಡಿಗೆ ಸಮ. ಸಿಮೆಂಟಿಗಾದರೆ ಸುಣ್ಣದ ಕಲ್ಲನ್ನು ಸುಮಾರು 1,450 ಡಿಗ್ರಿಯಲ್ಲಿ ಸುಡಬೇಕು, ಇಂಧನದ ಹೊಗೆಯ ಜೊತೆಗೆ ಕಲ್ಲಿನೊಳಗಿನ ಇಂಗಾಲವೂ ಹೊರಬೀಳುತ್ತದೆ. ಈ ಕಟ್ಟಡದ ಕಂಬ, ತೊಲೆ ತಯಾರಾದದ್ದು ಪಕ್ಕದ ಮೋಎಲ್ವ್‌ನಲ್ಲೇ, ಹಾಗಾಗಿ ಸಾಗಣೆಯೂ ಕಡಿಮೆ.

ಆದರೆ ನೆಟ್ಟ ಕಾಡು ಹಳೆಯ ಕಾಡಿಗೆ ಸಮ ಅಲ್ಲ ಅಂತ ಅವರೇ ಅಂದರು. ಒಂದೇ ಜಾತಿಯ ಮರ, ಒಂದೇ ವಯಸ್ಸು, ಅಲ್ಲಿ ಜೀವಿಗಳು ಕಮ್ಮಿ. ಹಳೆಯ ಕಾಡನ್ನು ಮುಟ್ಟಲೇಬಾರದು ಅನ್ನುವುದು ಅವರ ಮಾತು. ಅವರನ್ನು ನಾನು ನಂಬಿದ್ದು ಅದಕ್ಕೇ.

ಊರಲ್ಲಿ ಅಣ್ಣ ಮನೆ ಕಟ್ಟಿಸುತ್ತಿದ್ದಾನೆ. ರಾತ್ರಿಯೇ ಫೋನ್ ಮಾಡಿ, ಬರ್ಮಾ ತೇಗ ಬೇಡ, ನಮ್ಮ ತೋಟದ ಹಲಸು, ಸಿಲ್ವರ್ ಓಕ್ ನೋಡು ಅಂದೆ. ಬಾಗಿಲು ಚೌಕಟ್ಟಿಗೆ ಹಲಸು ಸಾಕಾಗುತ್ತದೆ, ಉಳಿದದ್ದಕ್ಕೆ ಆಚಾರ್ರನ್ನು ಕೇಳಬೇಕು ಅಂದ.