ಡಿಕ್ಕಿಗೆ ಮೊದಲು ಕೆಲಸ ಮಾಡುವ ನಿಯಮ: ಫುಟಿ ಮೈದಾನದಂಚಿನ ಕೆಲಸದಿಂದ ಕಲಿತದ್ದು

ಮೆಲ್ಬರ್ನ್‌ನ ಪಶ್ಚಿಮ ಬಡಾವಣೆಯೊಂದರ ಚಿಕಿತ್ಸಾಲಯದಲ್ಲಿ ನಾನು ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ಏಪ್ರಿಲ್‌ನಿಂದ ಆಗಸ್ಟ್‌ವರೆಗೆ, ಅಂದರೆ ಇಲ್ಲಿನ ಚಳಿಗಾಲದ ಉದ್ದಕ್ಕೂ, ಶನಿವಾರಗಳಂದು ಸ್ಥಳೀಯ ಫುಟ್ಬಾಲ್ ಕ್ಲಬ್ಬೊಂದರ ಆಟಗಾರರ ಗಾಯಗಳನ್ನು ನೋಡಿಕೊಳ್ಳುವ ಹೊಣೆಯೂ ನನ್ನದೇ. ಇಲ್ಲಿ ಫುಟ್ಬಾಲ್ ಎಂದರೆ ಆಸ್ಟ್ರೇಲಿಯನ್ ರೂಲ್ಸ್. ಜನರ ಬಾಯಲ್ಲಿ ಅದು ಫುಟಿ. ಮೈದಾನವೂ ಅಂಡಾಕಾರ, ಚೆಂಡೂ ಅಂಡಾಕಾರ, ತಂಡಕ್ಕೆ 18 ಮಂದಿ. ಆಫ್‌ಸೈಡ್ ಎಂಬ ಕಟ್ಟುಪಾಡು ಇಲ್ಲದ್ದರಿಂದ ಎದುರಾಳಿ ಮುಂದಿನಿಂದ, ಪಕ್ಕದಿಂದ, ಬೆನ್ನ ಹಿಂದಿನಿಂದ, ಹೇಗೆ ಬೇಕಾದರೂ ಬಂದು ಮೇಲೆ ಬೀಳಬಹುದು. 1859ರ ಮೇ ತಿಂಗಳಲ್ಲಿ ಮೆಲ್ಬರ್ನ್ ಫುಟ್ಬಾಲ್ ಕ್ಲಬ್ಬಿನ ಸದಸ್ಯರು ಬರೆದ ಮೊದಲ ನಿಯಮಾವಳಿಯಲ್ಲಿಯೇ ಎದುರಾಳಿಯ ಕಾಲಿಗೆ ಒದೆಯುವುದನ್ನು ನಿಷೇಧಿಸಲಾಗಿತ್ತು. ಆದ್ದರಿಂದ ಆಟಗಾರರ ಸುರಕ್ಷತೆ ಈಗಿನ ಕಾಲದ ನಾಜೂಕುತನದಿಂದ ಹುಟ್ಟಿದ ಚಿಂತೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಅದು ಆಟದಷ್ಟೇ ಹಳೆಯದು.

ಪ್ರತಿ ವರ್ಷವೂ ಯಾವುದಾದರೊಂದು ನಿಯಮ ಬದಲಾಗುತ್ತದೆ, ಮತ್ತು ಪ್ರತಿ ವರ್ಷವೂ ಚಿಕಿತ್ಸಾಲಯದ ಮಂಚದ ಮೇಲೆ ಮಲಗಿದವರಿಂದ ಹಿಡಿದು ಕ್ಲಬ್ಬಿನ ಅಡುಗೆಕೋಣೆಯಲ್ಲಿ ಸಾಸೇಜ್ ಸುಡುವ ಸ್ವಯಂಸೇವಕರವರೆಗೆ ಎಲ್ಲರಿಗೂ ಅದರ ಬಗ್ಗೆ ಅಭಿಪ್ರಾಯವಿರುತ್ತದೆ. ಆ ವಾದಗಳನ್ನು ಗಾಯಗಳ ಕಡೆಯಿಂದ ಕೇಳುತ್ತ ಕೇಳುತ್ತ ನನಗೆ ಒಂದು ಸಂಗತಿ ಸ್ಪಷ್ಟವಾಗಿದೆ. ಯಾವ ನಿಯಮವು ಡಿಕ್ಕಿಗೆ ಮೊದಲೇ ಪರಿಸ್ಥಿತಿಯನ್ನು ಬದಲಿಸುತ್ತದೆಯೋ, ಮತ್ತು ಒತ್ತಡದಲ್ಲಿರುವ ಮನುಷ್ಯನೊಬ್ಬನ ಆ ಕ್ಷಣದ ವಿವೇಕವನ್ನು ನೆಚ್ಚಿಕೊಳ್ಳುವುದಿಲ್ಲವೋ, ಅದು ದೇಹಗಳನ್ನು ಉಳಿಸುತ್ತದೆ. ಉಳಿದ ನಿಯಮಗಳು ಬಹುಮಟ್ಟಿಗೆ ತಪ್ಪು ಯಾರದೆಂದು ನಿರ್ಣಯಿಸುವುದಕ್ಕೆ ನೆರವಾಗುತ್ತವೆ.

ಇದಕ್ಕೆ ನಾನು ಮೊದಲು ಕೊಡುವ ಉದಾಹರಣೆ ರಕ್‌ಮನ್‌ಗಳ ಮೊಣಕಾಲು. ಪ್ರತಿ ಕ್ವಾರ್ಟರ್‌ನ ಆರಂಭದಲ್ಲಿ ಮತ್ತು ಪ್ರತಿ ಗೋಲಿನ ನಂತರ ಚೆಂಡು ಮೈದಾನದ ನಡುವೆ ಮೇಲಕ್ಕೆ ಹಾರುತ್ತದೆ. ರಕ್‌ಮನ್‌ಗಳು, ಅಂದರೆ ಎರಡೂ ತಂಡಗಳ ಅತಿ ಎತ್ತರದ ಆಟಗಾರರು, ಓಡಿಬಂದು, ಜಿಗಿದು, ಅದನ್ನು ತಮ್ಮವರ ಕಡೆಗೆ ತಟ್ಟಲು ನೋಡುತ್ತಾರೆ. ಹಿಂದೆ ಈ ಓಟಕ್ಕೆ ಮಿತಿ ಇರಲಿಲ್ಲ. ನೂರು ಕಿಲೋ ಆಸುಪಾಸಿನ ಇಬ್ಬರು ದೂರದಿಂದ ವೇಗವಾಗಿ ಬಂದು ಗಾಳಿಯಲ್ಲಿ ಎದುರುಬದುರಾದಾಗ ಒಬ್ಬನ ಮಡಿಸಿದ ಮೊಣಕಾಲು ಇನ್ನೊಬ್ಬನ ಮೊಣಕಾಲಿನ ಕೆಳಭಾಗಕ್ಕೆ ನೇರವಾಗಿ ಬಡಿಯುತ್ತಿತ್ತು. ಮೊಣಕಾಲಿನ ಹಿಂಬದಿಯ ಅಡ್ಡ ಲಿಗಮೆಂಟ್ ಹರಿಯುವುದು ಹೀಗೆಯೇ. ಫುಟಿಯ ಅತ್ಯುನ್ನತ ವೃತ್ತಿಪರ ಲೀಗ್ ಆದ ಎಎಫ್‌ಎಲ್ 1992ರಿಂದ ಪ್ರತಿ ವರ್ಷ ಗಾಯಗಳ ಸಮೀಕ್ಷೆ ನಡೆಸುತ್ತಾ ಬಂದಿದೆ. ಈ ಗಾಯ ರಕ್‌ಮನ್‌ಗಳಲ್ಲಿ ಹೆಚ್ಚುತ್ತಿರುವುದು ಆ ದಾಖಲೆಗಳಲ್ಲಿ ಕಂಡಮೇಲೆ, 2005ರಲ್ಲಿ ಮೈದಾನದ ಮಧ್ಯದಲ್ಲಿ ಹತ್ತು ಮೀಟರ್ ವ್ಯಾಸದ ವೃತ್ತವೊಂದನ್ನು ಎಳೆದು, ರಕ್‌ಮನ್‌ಗಳು ಅದರೊಳಗಿನಿಂದಲೇ ಓಟ ಆರಂಭಿಸಬೇಕೆಂದು ವಿಧಿಸಲಾಯಿತು. ಆ ಬಳಿಕ ಈ ಗಾಯಗಳು ಇಳಿದವು.

ಈ ಬದಲಾವಣೆಯನ್ನು ನಾನು ಮತ್ತೆ ಮತ್ತೆ ನೆನೆಯುವುದಕ್ಕೆ ಕಾರಣವಿದೆ. ಇಲ್ಲಿ ಯಾರ ಧೈರ್ಯವನ್ನೂ ಪ್ರಶ್ನಿಸಲಿಲ್ಲ, ಯಾರ ಉದ್ದೇಶವನ್ನೂ ತನಿಖೆ ಮಾಡಲಿಲ್ಲ, ಯಾರನ್ನೂ ಅಮಾನತು ಮಾಡಲಿಲ್ಲ. ಬಿಳಿ ಬಣ್ಣದ ಒಂದು ಗೆರೆ ಓಟದ ದೂರವನ್ನು ಕಡಿಮೆ ಮಾಡಿತು, ದೂರದ ಜೊತೆಗೆ ವೇಗವೂ ಕಡಿಮೆಯಾಯಿತು, ಲಿಗಮೆಂಟಿನ ಮೇಲೆ ಬೀಳುವ ಹೊರೆಯೂ ಇಳಿಯಿತು. ಆಟದ ಸೊಗಸು ಹಾಳಾಗುತ್ತದೆ ಎಂದು ಆಗಲೂ ಆಕ್ಷೇಪ ಎತ್ತಿದವರಿದ್ದರು. ಇಂದು ನಮ್ಮ ಕ್ಲಬ್ಬಿನ ಕಿರಿಯ ಆಟಗಾರರಿಗೆ ಆ ವೃತ್ತವಿಲ್ಲದ ಮೈದಾನವನ್ನು ಕಲ್ಪಿಸಿಕೊಳ್ಳಲೂ ಆಗದು.

2013ರಲ್ಲಿ ಬಂದ, ಮೊಣಕಾಲಿನ ಕೆಳಗೆ ರಭಸದ ಸಂಪರ್ಕವನ್ನು ತಡೆಯುವ ನಿಯಮದ ಕಥೆ ಇಷ್ಟು ಸರಳವಾಗಿಲ್ಲ. ಹಿಂದಿನ ವರ್ಷ ಸಿಡ್ನಿ ತಂಡದ ಗ್ಯಾರಿ ರೋಹನ್ ಅವರ ಕಾಲು, ನಾರ್ತ್ ಮೆಲ್ಬರ್ನ್‌ನ ಲಿಂಡ್ಸೆ ಥಾಮಸ್ ಚೆಂಡಿಗಾಗಿ ನೆಲದ ಮೇಲೆ ಜಾರಿಬಂದಾಗ ಮುರಿದಿತ್ತು. ಆಮೇಲೆ ಜಾರಿ ಎದುರಾಳಿಯ ಕಾಲಿಗೆ ಬಡಿದರೆ ಫ್ರೀ ಕಿಕ್ ಎಂದಾಯಿತು. ಹಿರಿಯ ಆಟಗಾರರು ಇದನ್ನು ಇಂದಿಗೂ ಮನಸಾರೆ ಒಪ್ಪಿಲ್ಲ. ಚೆಂಡಿಗೆ ಮೊದಲು ತಲುಪಿದವನಿಗೇ ನ್ಯಾಯ ಎಂಬುದು ಈ ಆಟದ ಮೂಲ ನಂಬಿಕೆ. ಚೆಂಡನ್ನು ಮೊದಲು ಮುಟ್ಟಿದವನನ್ನೇ ದಂಡಿಸುವುದು ಹೇಗೆ ಎಂದು ಅವರು ಕೇಳುತ್ತಾರೆ. ಪ್ರಶ್ನೆ ನ್ಯಾಯವಾದದ್ದೇ. ಆದರೆ ಊರಿದ ಕಾಲಿನ ಮೇಲೆ ಬದಿಯಿಂದ ಇಡೀ ದೇಹದ ಭಾರ ಬಂದು ಬಿದ್ದರೆ ಕಣಕಾಲಿಗೂ ಮೊಣಕಾಲಿಗೂ ಏನಾಗುತ್ತದೆ ಎಂಬುದನ್ನು ತಿಂಗಳುಗಟ್ಟಲೆ ಪುನಶ್ಚೇತನ ಮಾಡಿಸುವವಳಾಗಿ ನಾನು ಬಲ್ಲೆ. ಆ ತೂಕವನ್ನು ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ಇಟ್ಟಾಗ ಈ ನಿಯಮದ ಪರವಾಗಿಯೇ ನಿಲ್ಲುತ್ತೇನೆ. ಜಾರುವುದೋ ಬಗ್ಗುವುದೋ ಎಂಬ ಆಯ್ಕೆ ತರಬೇತಿಯಿಂದ ಬದಲಾಗಬಲ್ಲ ಅಭ್ಯಾಸ, ಮತ್ತು ಅದು ನಿಜಕ್ಕೂ ಬದಲಾಗಿದೆ.

ತಲೆಯ ವಿಚಾರಕ್ಕೆ ಬಂದಾಗ ಎಲ್ಲವೂ ಕಠಿಣವಾಗುತ್ತದೆ. 2023ರ ಸೆಪ್ಟೆಂಬರ್‌ನಲ್ಲಿ ನಡೆದ ಕ್ವಾಲಿಫೈಯಿಂಗ್ ಫೈನಲ್‌ನಲ್ಲಿ ಕಾಲಿಂಗ್‌ವುಡ್‌ನ ಬ್ರೇಡನ್ ಮೇನಾರ್ಡ್ ಎದುರಾಳಿಯ ಕಿಕ್ ತಡೆಯಲು ಜಿಗಿದರು. ಕಿಕ್ ಮಾಡಿದ ಮೆಲ್ಬರ್ನ್ ತಂಡದ ಆಂಗಸ್ ಬ್ರೇಶಾ ಅವರ ತಲೆಗೆ ಮೇನಾರ್ಡ್ ಅವರ ಭುಜ ಬಡಿದು ಬ್ರೇಶಾ ಪ್ರಜ್ಞೆ ತಪ್ಪಿದರು. ಲೀಗಿನ ಶಿಸ್ತು ವಿಚಾರಣೆ ನಡೆಸುವ ಟ್ರೈಬ್ಯೂನಲ್ ಮೇನಾರ್ಡ್ ಅವರನ್ನು ದೋಷಮುಕ್ತಗೊಳಿಸಿತು. ಬ್ರೇಶಾ 2024ರ ಫೆಬ್ರವರಿಯಲ್ಲಿ ವೈದ್ಯರ ಸಲಹೆಯಂತೆ ಆಟವನ್ನೇ ಬಿಟ್ಟರು. ಆ ಋತುವಿನಿಂದಲೇ, ಕಿಕ್ ತಡೆಯಲು ನೆಲ ಬಿಟ್ಟು ಜಿಗಿದವನು ಎದುರಾಳಿಯ ತಲೆಗೆ ತಾಗಿದರೆ ಸಾಮಾನ್ಯವಾಗಿ ನಿರ್ಲಕ್ಷ್ಯವೆಂದೇ ಪರಿಗಣಿಸಲಾಗುವುದು ಎಂದು ಎಎಫ್‌ಎಲ್ ಮಾರ್ಗಸೂಚಿಯನ್ನು ಬಿಗಿಗೊಳಿಸಿತು. ನಮ್ಮ ಕ್ಲಬ್ಬಿನಲ್ಲಿ ಈ ಪ್ರಕರಣದ ಕುರಿತು ವಾರಗಟ್ಟಲೆ ಮಾತು ನಡೆಯಿತು, ಮತ್ತು ಎಲ್ಲ ಮಾತೂ ಒಂದೇ ಪ್ರಶ್ನೆಯ ಸುತ್ತ ತಿರುಗಿತು: ಒಮ್ಮೆ ಗಾಳಿಯಲ್ಲಿರುವ ಮನುಷ್ಯ ಬೇರೇನು ಮಾಡಬಹುದಿತ್ತು? ಗಾಳಿಯಲ್ಲಿ ಅವನ ಕೈಯಲ್ಲಿ ಹೆಚ್ಚೇನೂ ಇಲ್ಲ ಎಂಬುದು ಚಲನೆಯನ್ನು ಅಭ್ಯಾಸ ಮಾಡಿದ ಯಾರಿಗಾದರೂ ಗೊತ್ತು. ಅವನಿಗೆ ಆಯ್ಕೆ ಇದ್ದದ್ದು ಜಿಗಿಯುವ ಮುನ್ನ. ಹೊಸ ಮಾರ್ಗಸೂಚಿ ಆ ಮುನ್ನಿನ ಕ್ಷಣವನ್ನೇ ಹಿಡಿಯಲು ನೋಡುತ್ತದೆ. ಅದಕ್ಕಾಗಿಯೇ ಅದು ಸರಿಯಾದ ದಿಕ್ಕಿನಲ್ಲಿದೆ ಎಂದು ನನಗನ್ನಿಸುತ್ತದೆ.

ಆದರೂ ಇದು ಶಿಕ್ಷೆಯ ದಾರಿ, ಮತ್ತು ಶಿಕ್ಷೆ ಅಲುಗಾಡುತ್ತದೆ. 2022ರಲ್ಲಿ ಕಾರ್ಲ್ಟನ್‌ನ ಪ್ಯಾಟ್ರಿಕ್ ಕ್ರಿಪ್ಸ್ ಅವರಿಗೆ ಎದುರಾಳಿಯ ತಲೆಗೆ ಬಡಿದ ಕಾರಣಕ್ಕೆ ಎರಡು ಪಂದ್ಯಗಳ ಅಮಾನತು ವಿಧಿಸಲಾಯಿತು. ಮೇಲ್ಮನವಿಯಲ್ಲಿ ಅದು ರದ್ದಾಯಿತು. ಅದೇ ವರ್ಷ ಅವರು ಲೀಗಿನ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ರೌನ್‌ಲೋ ಪದಕವನ್ನೂ ಗೆದ್ದರು. ತೀರ್ಪಿನ ಕಾನೂನು ಸೂಕ್ಷ್ಮಗಳ ಬಗ್ಗೆ ಮಾತನಾಡಲು ನಾನು ಅರ್ಹಳಲ್ಲ. ಆದರೆ ಹದಿಹರೆಯದ ಆಟಗಾರನಿಗೆ ಭುಜ ಕೆಳಗಿಡು, ತಲೆಯಿಂದ ದೂರವಿರು ಎಂದು ಹೇಳಿಕೊಡುವಾಗ, ದೊಡ್ಡವರ ಮಟ್ಟದಲ್ಲಿ ಫಲಿತಾಂಶ ವಕೀಲರ ವಾದವನ್ನು ಅವಲಂಬಿಸಿದೆ ಎಂಬ ಭಾವನೆ ಅವನಲ್ಲಿ ಮೂಡಿದರೆ ನಮ್ಮ ಪಾಠದ ಬಲ ಕುಂದುತ್ತದೆ.

ತಲೆಯ ಬಗ್ಗೆ ಇಷ್ಟು ಕಾಳಜಿ ಏಕೆ ಎಂಬುದಕ್ಕೆ ಉತ್ತರ ಮರಣೋತ್ತರ ಪರೀಕ್ಷೆಗಳಿಂದ ಬಂದಿದೆ. 2019ರಲ್ಲಿ ತೀರಿಕೊಂಡ ಗ್ರಹಾಂ ಫಾರ್ಮರ್ ಮತ್ತು ಡ್ಯಾನಿ ಫ್ರಾಲಿ, 2020ರಲ್ಲಿ ತೀರಿಕೊಂಡ ಶೇನ್ ಟಕ್, ಈ ಮೂವರು ಮಾಜಿ ಆಟಗಾರರ ಮೆದುಳುಗಳಲ್ಲಿ ಸಿಟಿಇ ಎಂಬ ಕ್ಷಯಕಾರಿ ಕಾಯಿಲೆ ಪತ್ತೆಯಾಯಿತು. ಮಹಿಳಾ ಲೀಗಿನಲ್ಲಿ ಅಡಿಲೇಡ್ ತಂಡಕ್ಕೆ ಆಡಿದ್ದ ಹೆದರ್ ಆಂಡರ್ಸನ್ 28ನೇ ವಯಸ್ಸಿನಲ್ಲಿ 2022ರಲ್ಲಿ ತೀರಿಕೊಂಡರು. ಅವರ ಮೆದುಳಿನಲ್ಲಿಯೂ ಅದೇ ಕಂಡುಬಂತು. ಬದುಕಿರುವಾಗ ಇದನ್ನು ಖಚಿತವಾಗಿ ಗುರುತಿಸುವ ಪರೀಕ್ಷೆ ಇನ್ನೂ ಇಲ್ಲ. ಒಂದು ದೊಡ್ಡ ಪೆಟ್ಟಿಗಿಂತ ವರ್ಷಗಟ್ಟಲೆ ಬೀಳುವ ಪೆಟ್ಟುಗಳ ಒಟ್ಟು ಮೊತ್ತದೊಂದಿಗೆ ಅದಕ್ಕೆ ನಂಟಿದೆ ಎಂಬುದು ಈಗಿನ ತಿಳಿವಳಿಕೆ. ಮೃದುವಾದ ಹೆಲ್ಮೆಟ್ ಹಾಕಿಕೊಂಡರೆ ಸಾಕಲ್ಲವೇ ಎಂದು ಪೋಷಕರು ಕೇಳುತ್ತಾರೆ. ಅದು ಚರ್ಮ ಸೀಳುವುದನ್ನು ತಡೆಯಬಹುದು, ತಲೆಬುರುಡೆಯೊಳಗೆ ಮೆದುಳು ಅಲುಗುವುದನ್ನು ತಡೆಯುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ.

ನನ್ನ ಕೆಲಸವನ್ನು ನೇರವಾಗಿ ಬದಲಿಸಿದ ನಿಯಮ 2024ರದು. ವೃತ್ತಿಪರ ಆಟಗಾರರಿಗೆ ಕನ್ಕಷನ್, ಅಂದರೆ ಪೆಟ್ಟಿನಿಂದ ಮೆದುಳು ಅಲುಗಿ ಆಗುವ ಗಾಯ, ಆದಮೇಲೆ ಕನಿಷ್ಠ 12 ದಿನಗಳ ವಿರಾಮ 2021ರಿಂದಲೇ ಇತ್ತು. ಸಮುದಾಯ ಮಟ್ಟದ ಆಟಗಾರರಿಗೆ ಅದನ್ನು ಕನಿಷ್ಠ 21 ದಿನ ಎಂದು ಮಾಡಲಾಯಿತು. ಜೊತೆಗೆ, ಮೈಕೈ ತಾಗುವ ತರಬೇತಿಗೆ ಮರಳುವ ಮೊದಲು 14 ದಿನ ಯಾವ ಲಕ್ಷಣವೂ ಇರಬಾರದು, ವೈದ್ಯರ ಒಪ್ಪಿಗೆಯೂ ಬೇಕು. ಪ್ರತಿದಿನ ವೈದ್ಯರ ಕಣ್ಣಿನಲ್ಲಿರುವವರಿಗೆ ಕಡಿಮೆ ವಿರಾಮ, ಸೋಮವಾರ ಬೆಳಿಗ್ಗೆ ಕಟ್ಟಡದ ಕೆಲಸಕ್ಕೆ ಹೊರಡುವವರಿಗೆ ಹೆಚ್ಚು ವಿರಾಮ ಎಂಬುದು ಮೊದಲ ನೋಟಕ್ಕೆ ವಿಚಿತ್ರವೆನಿಸಿದರೂ, ನಿಗಾ ಇಲ್ಲದಲ್ಲಿ ಸಮಯವೇ ರಕ್ಷಣೆ ಎಂಬ ತರ್ಕ ಅದರ ಹಿಂದಿದೆ.

ಇದಕ್ಕೂ ಮೊದಲು ಗುರುವಾರ ಸಂಜೆಯ ತರಬೇತಿ ಎಂದರೆ ನನಗೆ ಚೌಕಾಸಿಯ ಹೊತ್ತು. ಆಟಗಾರ ತಲೆನೋವು ಹೋಗಿದೆ ಎನ್ನುತ್ತಿದ್ದ, ಕೋಚ್ ನಿರ್ಧಾರ ನಿಮ್ಮದೇ ಎಂದು ಹೇಳಿ ಅಲ್ಲಿಂದ ಕದಲದೆ ನಿಲ್ಲುತ್ತಿದ್ದರು, ಫೈನಲ್ ಹತ್ತಿರ ಬಂದಿದ್ದರೆ ಸಮಿತಿಯ ಹಿರಿಯರೂ ಬಂದು ಕುಶಲ ವಿಚಾರಿಸುತ್ತಿದ್ದರು. ಯಾರೂ ಕೆಟ್ಟವರಲ್ಲ, ಎಲ್ಲರಿಗೂ ಆ ಹುಡುಗ ಆಡಬೇಕಿತ್ತು, ಅವನಿಗಂತೂ ಎಲ್ಲರಿಗಿಂತ ಹೆಚ್ಚಾಗಿ ಬೇಕಿತ್ತು. ಕ್ಯಾಲೆಂಡರಿನಲ್ಲಿ ಗುರುತಿಸಬಹುದಾದ ಒಂದು ದಿನಾಂಕ ಬಂದಮೇಲೆ ಆ ಚೌಕಾಸಿ ನಿಂತುಹೋಯಿತು. ಈಗ ನಾನು ಯಾರ ಶತ್ರುವೂ ಅಲ್ಲ. ದಿನಾಂಕವನ್ನು ತೋರಿಸಿ, ಮುಂದಿನ ಮೂರು ವಾರಗಳಲ್ಲಿ ಕುತ್ತಿಗೆಯ ಸ್ನಾಯುಗಳಿಗೆ, ಸಮತೋಲನಕ್ಕೆ, ಹಂತಹಂತದ ಓಟಕ್ಕೆ ಏನು ಮಾಡಬೇಕೆಂದು ಮಾತನಾಡಲು ತೊಡಗುತ್ತೇನೆ.

ನಿಯಮಕ್ಕೆ ಬೆಲೆಯೂ ಇದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಮೂರು ವಾರ ಹೊರಗುಳಿಯುವುದೆಂದರೆ ಕೆಲವರಿಗೆ ಪಂದ್ಯದ ಸಂಭಾವನೆ ಹೋಗುತ್ತದೆ, ಕೆಲವರಿಗೆ ತಂಡದಲ್ಲಿನ ಸ್ಥಾನವೇ ಹೋಗುತ್ತದೆ. ಆದ್ದರಿಂದ ಲಕ್ಷಣಗಳನ್ನು ಬಚ್ಚಿಡುವ ಆಸೆ ಮೊದಲಿಗಿಂತ ಬಲವಾಗಿದೆ. ಪೆಟ್ಟು ಬಿದ್ದವನು ನನ್ನ ಕಡೆ ನೋಡದೆ ಮೈದಾನದ ಆಚೆ ಬದಿಗೆ ನಡೆದುಹೋಗುವುದು ಈಗ ನನಗೆ ಒಂದು ಸೂಚನೆ. ಹೀಗಾಗಿ ನಮ್ಮ ಕ್ಲಬ್ಬಿನಲ್ಲಿ ಆಟಗಾರನ ಮಾತನ್ನು ಮಾತ್ರ ಆಧರಿಸುವುದನ್ನು ಬಿಟ್ಟಿದ್ದೇವೆ: ಎದ್ದು ನಿಲ್ಲುವಾಗಿನ ತೂರಾಟ, ಖಾಲಿ ನೋಟ, ನೆಲಕ್ಕೆ ಬೀಳುವಾಗ ಕೈ ಚಾಚದಿರುವುದು, ಇವುಗಳಲ್ಲಿ ಒಂದು ಕಂಡರೂ ಆ ದಿನದ ಆಟ ಅಲ್ಲಿಗೆ ಮುಗಿಯಿತು. ಇದನ್ನು ಗಮನಿಸಲು ನೀರು ಕೊಡುವ ಸ್ವಯಂಸೇವಕರಿಗೂ ಹೇಳಿಕೊಟ್ಟಿದ್ದೇವೆ, ಏಕೆಂದರೆ ಆಟಗಾರರ ಹತ್ತಿರಕ್ಕೆ ಹೆಚ್ಚು ಹೋಗುವವರು ಅವರೇ.

ಆಟದ ನಡುವೆ ಆಟಗಾರರನ್ನು ಹೊರಗೆ ಕರೆದು ಮತ್ತೆ ಒಳಗೆ ಕಳಿಸುವ ಬದಲಾವಣೆಗಳ ಮಿತಿಯ ಚರ್ಚೆಯಲ್ಲಿ ನನ್ನ ಅಭಿಪ್ರಾಯ ಇಷ್ಟು ಗಟ್ಟಿಯಾಗಿಲ್ಲ. 2014ರಲ್ಲಿ ಪಂದ್ಯವೊಂದಕ್ಕೆ ಪ್ರತಿ ತಂಡಕ್ಕೆ 120 ಬದಲಾವಣೆ, 2016ರಲ್ಲಿ 90, 2021ರಲ್ಲಿ 75 ಎಂದು ಎಎಫ್‌ಎಲ್ ಇಳಿಸುತ್ತಾ ಬಂತು. ವಿಶ್ರಾಂತಿ ಪಡೆದು ಬಂದವನು ಹೆಚ್ಚು ವೇಗವಾಗಿ ಡಿಕ್ಕಿ ಹೊಡೆಯುತ್ತಾನೆ ಎಂಬುದು ಒಂದು ವಾದ. ದಣಿದವನ ತೊಡೆಯ ಸ್ನಾಯು ಹರಿಯುತ್ತದೆ, ದಣಿದವನ ಟ್ಯಾಕಲ್, ಅಂದರೆ ಎದುರಾಳಿಯನ್ನು ಹಿಡಿದು ತಡೆಯುವ ರೀತಿ, ಅಡ್ಡಾದಿಡ್ಡಿಯಾಗುತ್ತದೆ ಎಂಬುದು ಇನ್ನೊಂದು. ಎರಡೂ ನನ್ನ ಮಂಚದ ಮೇಲೆ ಕಾಣುತ್ತವೆ.

ನಮ್ಮ ಬಡಾವಣೆಗಳಲ್ಲಿ, ಟಾರ್ನೀಟ್, ಪಾಯಿಂಟ್ ಕುಕ್ ಕಡೆ, ಕನ್ನಡದ ಕುಟುಂಬಗಳು ಸಾಕಷ್ಟಿವೆ. ಶಾಲೆಯ ಗೆಳೆಯರೊಂದಿಗೆ ಮಗ ಅಥವಾ ಮಗಳು ಮಕ್ಕಳಿಗೆ ಫುಟಿ ಕಲಿಸುವ ಆಸ್‌ಕಿಕ್‌ಗೆ ಸೇರುತ್ತೇನೆ ಎಂದಾಗ, “ಅಕ್ಕಾ, ನೀವು ದಿನಾ ಗಾಯ ನೋಡುವವರು, ಕಳಿಸಬಹುದಾ?” ಎಂದು ತಾಯಂದಿರು ಫೋನ್ ಮಾಡುತ್ತಾರೆ. ಕಳಿಸಿ ಎನ್ನುತ್ತೇನೆ. ಚಿಕ್ಕ ವಯಸ್ಸಿನವರಿಗೆ ಟ್ಯಾಕಲ್ ಇರುವುದಿಲ್ಲ, ವಯಸ್ಸು ಏರಿದಂತೆ ಹಂತಹಂತವಾಗಿ ಅದನ್ನು ಸೇರಿಸುತ್ತಾರೆ. ಆ ಕಲಿಕೆಯ ವರ್ಷಗಳಲ್ಲಿ ಕ್ಲಬ್ಬಿನವರು ತಲೆಯ ಪೆಟ್ಟನ್ನು ಹೇಗೆ ನಿಭಾಯಿಸುತ್ತಾರೆಂದು ವಿಚಾರಿಸಿ, ಉತ್ತರ ತಡವರಿಸಿದರೆ ಬೇರೆ ಕ್ಲಬ್ ನೋಡಿ ಎಂದೂ ಹೇಳುತ್ತೇನೆ.

ಸದ್ಯ ನಮ್ಮ ಮುಂದಿರುವ ವಿಷಯ ತರಬೇತಿಯದು. ಶೇನ್ ಟಕ್ ಅವರ ಸಾವಿನ ವಿಚಾರಣೆ ನಡೆಸಿದ ವಿಕ್ಟೋರಿಯಾದ ಕರೋನರ್ ಜಾನ್ ಕೇನ್ 2023ರ ಡಿಸೆಂಬರ್‌ನಲ್ಲಿ ಮಾಡಿದ ಶಿಫಾರಸುಗಳಲ್ಲಿ ಮೈಕೈ ತಾಗುವ ತರಬೇತಿಯನ್ನು ಮಿತಿಗೊಳಿಸಬೇಕೆಂಬುದೂ ಸೇರಿತ್ತು. ಪಂದ್ಯದ ಡಿಕ್ಕಿಗಳನ್ನು ಪೂರ್ತಿ ತೆಗೆಯಲಾಗದು, ತರಬೇತಿಯವನ್ನು ಕಡಿಮೆ ಮಾಡಬಹುದು, ಮತ್ತು ಒಟ್ಟು ಮೊತ್ತವೇ ಮುಖ್ಯವಾದರೆ ಅಲ್ಲಿ ಉಳಿಸಿದ ಪ್ರತಿ ಪೆಟ್ಟೂ ಲಾಭವೇ. ನಮ್ಮ ಕೋಚ್ ಇದಕ್ಕೆ ತಕರಾರು ತೆಗೆದದ್ದು ಹಟಕ್ಕಲ್ಲ: ವಾರದ ನಡುವೆ ಟ್ಯಾಕಲ್ ಅಭ್ಯಾಸ ಮಾಡದವನು ಶನಿವಾರ ತಪ್ಪಾಗಿ ಟ್ಯಾಕಲ್ ಮಾಡಿ ತನ್ನ ಕುತ್ತಿಗೆಗೂ ಎದುರಾಳಿಯ ತಲೆಗೂ ಅಪಾಯ ತರುತ್ತಾನೆ ಎಂಬುದು ಅವರ ಮಾತು, ಅದರಲ್ಲಿ ಸತ್ಯವಿದೆ. ಹೀಗಾಗಿ ಇಬ್ಬರೂ ಕುಳಿತು, ಟ್ಯಾಕಲ್ ತಂತ್ರವನ್ನು ನಿಧಾನದ ವೇಗದಲ್ಲಿ, ಪ್ಯಾಡ್‌ಗಳನ್ನು ಹಿಡಿದು, ಮಂಡಿಯೂರಿ ಕಲಿಸುವುದೆಂದೂ, ಪೂರ್ಣ ವೇಗದ ಅಭ್ಯಾಸಕ್ಕೆ ಗಡಿಯಾರ ಇಟ್ಟು ಮುಗಿಸುವುದೆಂದೂ ಒಪ್ಪಿಕೊಂಡಿದ್ದೇವೆ. ಆದರೆ ಇದು ನಮ್ಮಿಬ್ಬರ ಒಪ್ಪಂದ ಮಾತ್ರ. ಸತತ ಸೋಲಿನ ನಂತರದ ಗುರುವಾರ ಅದು ಉಳಿಯುತ್ತದೆಂಬ ಖಾತರಿಯಿಲ್ಲ. ಅದಕ್ಕಾಗಿಯೇ ಪೂರ್ಣ ವೇಗದ ಅಭ್ಯಾಸಕ್ಕೆ ವಾರಕ್ಕೆ ಇಷ್ಟೇ ನಿಮಿಷ ಎಂಬ ಮಿತಿಯನ್ನು ಎಲ್ಲ ಕ್ಲಬ್‌ಗಳಿಗೂ ಸಮನಾಗಿ ವಿಧಿಸುವಂತೆ ನಮ್ಮ ಲೀಗಿಗೆ ಪತ್ರ ಬರೆಯುತ್ತಿದ್ದೇವೆ. ಅದಕ್ಕೆ ನನ್ನ ಜೊತೆ ಸಹಿ ಹಾಕಲು ಕೋಚ್ ಕೂಡ ಒಪ್ಪಿದ್ದಾರೆ.