ಫ್ರಾಂಕ್‌ಫರ್ಟ್‌ನಿಂದ ಫುಲ್ಡಾ ಗ್ಯಾಪ್: ಅಮೆರಿಕದ ಫಿಫ್ತ್ ಕೋರ್ ಜಾಡಲ್ಲಿ ಎರಡು ದಿನ

ಫ್ರಾಂಕ್‌ಫರ್ಟ್ ಕಡೆ ಇರೋರು, ಮಿಲಿಟರಿ ಹಿಸ್ಟರಿ ಇಷ್ಟ ಇದ್ರೆ ಒಂದು ವೀಕೆಂಡ್ ಇದಕ್ಕೆ ಎತ್ತಿಡಿ. ಒಂದೇ ದಿನಕ್ಕೆ ಐಜಿ ಫಾರ್ಬೆನ್ ಬಿಲ್ಡಿಂಗ್, ಪಾಯಿಂಟ್ ಆಲ್ಫಾ ಎರಡೂ ಜಾಗ ತುರುಕಬೇಡಿ, ನಾವು ಹಾಗೆ ಮಾಡೋಕೆ ಹೋಗಿ ಕೊನೆಗೆ ಮಾರನೇ ದಿನ ಮತ್ತೆ ಹೊರಟ್ವಿ.

ಮೊದ್ಲು ಐಜಿ ಫಾರ್ಬೆನ್ ಅನ್ನೋ ಕೆಮಿಕಲ್ ಕಂಪನಿ ಕಟ್ಟಿಸಿದ ಬಿಲ್ಡಿಂಗ್. ಯು-ಬಾನ್‌ನಲ್ಲಿ ಹೋಲ್ಟ್ಸ್‌ಹೌಸೆನ್‌ಸ್ಟ್ರಾಸೆಲಿ ಇಳಿದು ಸ್ವಲ್ಪ ನಡೆದ್ರೆ ಸಾಕು. ಈಗ ಗೋಥೆ ಯೂನಿವರ್ಸಿಟಿ, ಆದ್ರೆ 1952ರಿಂದ 1994ರವರೆಗೆ ಫಿಫ್ತ್ ಕೋರ್ ಹೆಡ್‌ಕ್ವಾರ್ಟರ್ಸ್ ಇದೇ. ಕೋರ್ ಅಂದ್ರೆ ಕೆಲವು ಡಿವಿಷನ್‌ಗಳು ಒಬ್ಬ ಜನರಲ್ ಕೈಕೆಳಗೆ, ನಮ್ಮ ಆರ್ಮಿಲೂ ಹಾಗೇ. 1972 ಮೇ 11ಕ್ಕೆ ರೆಡ್ ಆರ್ಮಿ ಫ್ಯಾಕ್ಷನ್ ಅನ್ನೋ ಪಶ್ಚಿಮ ಜರ್ಮನಿಯ ಎಡಪಂಥೀಯ ಉಗ್ರರ ಗುಂಪಿನವ್ರು ಇಲ್ಲಿ ಬಾಂಬ್ ಇಟ್ಟು ಒಬ್ಬ ಅಮೆರಿಕನ್ ಆಫೀಸರ್ ಸತ್ತೋದ್ರು. ಹೊರಗಿರೋ, ಆಶ್‌ವಿಟ್ಜ್‌ನಿಂದ ಬದುಕಿ ಬಂದ ವೋಲ್‌ಹೈಮ್ ಹೆಸರಿನ ಸ್ಮಾರಕಕ್ಕೂ ಟೈಮ್ ಕೊಡಿ, ಕಟ್ಟಡ ಕಟ್ಟಿಸಿದ ಕಂಪನಿ ನಾಜಿಗಳ ಆಶ್‌ವಿಟ್ಜ್ ಕ್ಯಾಂಪ್‌ನ ಕೈದಿಗಳನ್ನ ದುಡಿಸ್ಕೊಂಡಿತ್ತು, ಅದನ್ನ ಓದಿ ನಾನು ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಹೋಗೋ ಮುಂಚೆ ಕೋರ್‌ನ ವಂಶಾವಳಿ ಸ್ವಲ್ಪ ಓದ್ಕೊಂಡಿರಿ, ಇಲ್ಲಾಂದ್ರೆ ಬರೀ ಗೋಡೆ, ಬೇಲಿ ನೋಡ್ಕೊಂಡು ಬಂದಂಗಾಗುತ್ತೆ. 1918 ಜುಲೈನಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ್ದು, ಯುದ್ಧ ಮುಗಿದ್ಮೇಲೆ ಮುಚ್ಚಿದ್ರು, 1940ರಲ್ಲಿ ಮತ್ತೆ ಎಬ್ಬಿಸಿದ್ರು, 1944 ಜೂನ್ 6ಕ್ಕೆ ಜನರಲ್ ಗೆರೋ ಕೈಕೆಳಗೆ ಫ್ರಾನ್ಸ್‌ನ ನಾರ್ಮಂಡಿ ತೀರದ ಒಮಾಹಾ ಬೀಚ್‌ನಲ್ಲಿ ಇಳಿದಿದ್ದು ಇದೇ ಕೋರ್. 1945 ಏಪ್ರಿಲ್ 25ಕ್ಕೆ ಎಲ್ಬೆ ನದಿ ಹತ್ರ ಟೋರ್ಗೌನಲ್ಲಿ ಸೋವಿಯತ್ ಸೈನಿಕರ ಕೈ ಕುಲುಕಿದ 69ನೇ ಡಿವಿಷನ್ ಕೂಡ ಇದರದ್ದೇ.

ಮಾರನೇ ದಿನ ಪಾಯಿಂಟ್ ಆಲ್ಫಾ, ಅಂದ್ರೆ ಶೀತಲ ಸಮರದ ಕಾಲದಲ್ಲಿ ಪೂರ್ವ ಜರ್ಮನಿ ಗಡಿಲಿದ್ದ ಅಮೆರಿಕನ್ ಕಾವಲು ಠಾಣೆ. ಫುಲ್ಡಾವರೆಗೆ ಟ್ರೈನ್‌ನಲ್ಲಿ ಸುಮಾರು ಒಂದು ಗಂಟೆ, ಆಮೇಲೆ ಗೈಸಾ ಮತ್ತೆ ರಾಸ್‌ಡೋರ್ಫ್ ಮಧ್ಯದ ಗುಡ್ಡಕ್ಕೆ ಹೋಗ್ಬೇಕು. ವೀಕೆಂಡಲ್ಲಿ ಬಸ್ ನಂಬ್ಕೋಬೇಡಿ, ನಾಲ್ಕು ಜನ ಇದ್ರೆ ಕಾರ್ ಬಾಡಿಗೆಗೆ ತಗೊಳ್ಳೋದೇ ವಾಸಿ, ಮತ್ತೆ ಬೇಸಿಗೆಲೂ ಜಾಕೆಟ್ ಇಟ್ಕೊಳ್ಳಿ, ಗಾಳಿ ಜೋರು. ವಾರ್ಸಾ ಒಪ್ಪಂದದ, ಅಂದ್ರೆ ಸೋವಿಯತ್ ಬಣದ ಟ್ಯಾಂಕುಗಳು ನುಗ್ಗಿದ್ರೆ ಫುಲ್ಡಾ ಗ್ಯಾಪ್ ಅನ್ನೋ ಈ ತಗ್ಗಿನ ದಾರಿಲೇ ಫ್ರಾಂಕ್‌ಫರ್ಟ್‌ಗೆ ಬರ್ತವೆ ಅಂತ ಲೆಕ್ಕ ಹಾಕಿ, ಫಿಫ್ತ್ ಕೋರ್‌ನ 11ನೇ ಆರ್ಮರ್ಡ್ ಕ್ಯಾವಲ್ರಿ ರೆಜಿಮೆಂಟ್‌ನವ್ರು ಇಲ್ಲಿಂದ ಕಾವಲು ಕಾಯ್ತಿದ್ರು. ಅಮೆರಿಕನ್ ವಾಚ್‌ಟವರ್ ಇವತ್ತಿಗೂ ಇದೆ, ಎದುರಿಗೇ ಪೂರ್ವ ಜರ್ಮನಿಯವ್ರ ಟವರ್, ಅಷ್ಟು ಹತ್ರ! ಟೋರ್ಗೌನಲ್ಲಿ ತಬ್ಕೊಂಡಿದ್ದ ಎರಡೂ ಕಡೆಯವ್ರು ಇಷ್ಟು ವರ್ಷ ಹಿಂಗೆ ಬೈನಾಕ್ಯುಲರ್ ಹಿಡಿದು ನಿಂತಿದ್ರಲ್ಲಾ ಅಂತ ಹೊಟ್ಟೆಲಿ ಏನೋ ಆಯ್ತು.

2013ರಲ್ಲಿ ವೀಸ್‌ಬಾಡೆನ್‌ನಲ್ಲಿ ಕೋರ್ ಬಾವುಟ ಸುತ್ತಿಟ್ರು, ಅಂದ್ರೆ ಕೋರ್ ಮುಚ್ಚಿದ್ರು, 2020ರಲ್ಲಿ ಅಮೆರಿಕದ ಫೋರ್ಟ್ ನಾಕ್ಸ್‌ನಲ್ಲಿ ಮತ್ತೆ ಬಿಚ್ಚಿದ್ರು, ಈಗ ಮುಂಚೂಣಿ ಕಚೇರಿ ಪೋಲೆಂಡ್‌ನ ಪೋಜ್ನಾನ್‌ನಲ್ಲಿ. ಪಾಯಿಂಟ್ ಆಲ್ಫಾದಲ್ಲಿ ಕ್ಯಾಂಪ್ ಜೊತೆ ಗಡಿ ಮ್ಯೂಸಿಯಂ ಕೂಡ ಇದೆ, ಎರಡೂ ಸೇರಿ ಮೂರು ಗಂಟೆ ಆದ್ರೂ ಬೇಕು, ಬೆಳಿಗ್ಗೆ ಬೇಗ ಹೊರಡಿ.