ಗುಂಡನ ಪಥ್ಯ

ಮೂಡಿಗೆರೆ ಅತ್ತೆ ಇವತ್ತು ಒಂದು ಚೀಲ ಬೆಣ್ಣೆಹಣ್ಣು ತಂದಿದ್ದರು. ತೋಟದ್ದು. ಒಂದು ಹೋಳು ಕೊಯ್ದು ಸೀದಾ ಗುಂಡನ ಗಾಜಿನ ಪೆಟ್ಟಿಗೆ ಹತ್ತಿರ ಹೋದರು. "ಪಾಪ, ದಿನಾ ಸೊಪ್ಪೇ ತಿಂದು ಬೇಜಾರಾಗಿರುತ್ತೆ ಕಣೇ."

ಅಯ್ಯೋ ಅತ್ತೆ, ಬೇಡಿ!

ಗುಂಡ ನಮ್ಮ ಮನೆಯ ಬಿಯರ್ಡೆಡ್ ಡ್ರ್ಯಾಗನ್. ಅತ್ತೆಯ ಲೆಕ್ಕದಲ್ಲಿ ದಪ್ಪ ಓತಿಕ್ಯಾತ. ಸುಳ್ಳೇನಲ್ಲ, ಎರಡೂ ಒಂದೇ ಕುಟುಂಬದವು. ಆದರೆ ಇವನ ಮೂಲ ಆಸ್ಟ್ರೇಲಿಯಾದ ಒಣ ಬಯಲು. ಬೆಣ್ಣೆಹಣ್ಣು ಇವನಿಗೆ ವಿಷ. ಅದಕ್ಕಿಂತ ಭಯ ಮಿಂಚುಹುಳದ್ದು. ಮಳೆ ಹಿಡಿಯುವ ಮುಂಚೆ ನಮ್ಮ ಚಿಕ್ಕಮಗಳೂರು ಕಡೆ ರಾತ್ರಿ ಮರವೆಲ್ಲ ಮಿನುಗುತ್ತದಲ್ಲ, ನಾವು ನಿಂತು ನೋಡ್ತೀವಿ. ಒಂದೇ ಒಂದು ಹುಳ ಹೊಟ್ಟೆಗೆ ಹೋದರೂ ಇವನ ಜೀವ ಹೋಗಬಹುದು. ಕಿಟಕಿಗೆ ಜಾಲರಿ ಹಾಕಿಸಿದ್ದು ಸೊಳ್ಳೆಗಲ್ಲ ಮಾರಾಯ್ರೇ!

"ಮತ್ತೇನು ತಿಂತಾನೆ?"

ಮರಿಯಿದ್ದಾಗ ಹುಳ ಜಾಸ್ತಿ. ದೊಡ್ಡವನಾದ ಮೇಲೆ ಸೊಪ್ಪು, ತರಕಾರಿಯೇ ಜಾಸ್ತಿ. ಸಿಹಿಗುಂಬಳದ ತುರಿ, ದಾಸವಾಳದ ಹೂ ಅಂದರೆ ಪ್ರಾಣ. ಪಾಲಕ್ ದಿನಾ ಬೇಡ, ಅದರಲ್ಲಿರುವ ಆಕ್ಸಲೇಟ್ ಅನ್ನೋ ಅಂಶ ಕ್ಯಾಲ್ಸಿಯಂ ಮೈಗೆ ಹತ್ತಲು ಬಿಡುವುದಿಲ್ಲ. ಹುಳ ಕೊಟ್ಟರೆ ಕ್ಯಾಲ್ಸಿಯಂ ಪುಡಿ ಉದುರಿಸಿ ಕೊಡಬೇಕು. ಅವನ ಎರಡು ಕಣ್ಣಿನ ನಡುವಿನ ಜಾಗಕ್ಕಿಂತ ಹುಳ ದೊಡ್ಡದಿರಬಾರದು. ಇದೆಲ್ಲದರ ಜೊತೆಗೆ ಬಿಸಿಲಿನಲ್ಲಿರುವಂಥ ಅತಿನೇರಳೆ ಕಿರಣ ಕೊಡುವ ಯುವಿಬಿ ದೀಪ, ಅದಿಲ್ಲದಿದ್ದರೆ ಕ್ಯಾಲ್ಸಿಯಂ ಕೊಟ್ಟೂ ದಂಡ.

ಅತ್ತೆ ಎಲ್ಲಾ ಕೇಳಿಸಿಕೊಂಡರು. "ಶುಗರ್ ಇರೋ ನಿಮ್ಮ ಮಾವನಿಗೂ ನಾನು ಇಷ್ಟು ಪಥ್ಯ ಮಾಡಿಸಿಲ್ಲ ಬಿಡು."

ನಿಜ ಅಲ್ವಾ? ಈ ಮನೆಯಲ್ಲಿ ಡಾಕ್ಟರು ಮೆಚ್ಚುವ ಹಾಗಿರುವುದು ಗುಂಡನ ತಟ್ಟೆ ಒಂದೇ. ಮಾತಾಡ್ತಾ ಮಾತಾಡ್ತಾ ನಾವಿಬ್ಬರೂ ಇನ್ನೊಂದು ಕಡುಬು ಹಾಕಿಕೊಂಡಿದ್ದೆವು, ತುಪ್ಪದ ಜೊತೆ.